ಮೂಟೆಯಲ್ಲಿದ್ದದ್ದು

ಗಾಂಜಾ ಕೇಸಿನಲ್ಲಿ ಮೂಟೆ ಸಮೇತ ಸಿಕ್ಕಿಬಿದ್ದಿದ್ದ ಸಿದ್ರಾಜು ಬಿಡುಗಡೆಯ ಮಾತನ್ನೇ ಎತ್ತಿರಲಿಲ್ಲ. ಅಂದು ಜೈಲಿಗೆ ಬಂದ ಅವನ ವಕೀಲರ ಮುಖ ಮಾತ್ರ ಅರಳಿತ್ತು.

"ಲ್ಯಾಬ್ ರಿಪೋರ್ಟ್ ಬಂತು ಕಣಯ್ಯ. ಮೂಟೇಲಿದ್ದದ್ದು ಗಾಂಜಾನೇ ಅಲ್ಲ, ಒಣಗಿದ ಚೆಂಡುಹೂವಿನ ಎಲೆ. ಇನ್ನು ಕೇಸ್ ನಿಲ್ಲಲ್ಲ."

ಸಿದ್ರಾಜು ತಲೆ ತಗ್ಗಿಸಿದ. ಹೂವು ಮಾರುವ ಹೆಂಡತಿ ಹೂ ಬಿಡಿಸಿಕೊಂಡು ಬಿಸಾಡಿದ ಗಿಡಗಳನ್ನು ಒಣಗಿಸಿ ಮೂಟೆ ಕಟ್ಟಿದ್ದವನು ಅವನೇ.

"ಅದ ಕೋರ್ಟಲ್ಲಿ ಹೇಳ್ಬ್ಯಾಡಿ ಸಾ. ಗಾಂಜಾನೇ ಅಂತ ತಪ್ಪೊಪ್ಕೊತೀನಿ."

"ತಲೆ ಕೆಟ್ಟಿದ್ಯೇನಯ್ಯ? ಹತ್ತು ವರ್ಷ ಒಳಗಿರ್ತೀಯ."

"ಇರ್ತೀನಿ ಸಾ. ಮೂಟೆಗೆ ಮುಂಚೇನೇ ದುಡ್ಡು ಕೊಟ್ಟೋರು, ಮಾಲು ಪೊಲೀಸ್ರ ಪಾಲಾಯ್ತು ಅಂತ ಸುಮ್ನವ್ರೆ."

"ಹಾಗಿದ್ರೆ ಹೊರಗೆ ಬಂದ ತಕ್ಷಣ ಊರು ಬಿಟ್ಟು ಹೋಗು."

"ಅಲ್ಲೀಗಂಟ ಅವರು ಕಾಯಾಕಿಲ್ಲ ಸಾ. ನನ್ನೆಂಡ್ರು ದಿನಾ ಹೂವ ಮಾರೋದು ಅವ್ರ ಮನೆ ಮುಂದೇನೇ."