ಕ್ಯಾಂಟೀನ್ ವರ್ಗದ ಅವ್ವ

ಒಂದು ಕಾಲಕ್ಕೆ ಕಂಪನಿಯ ಫಿಲ್ಟರು ವೆಬ್‌ಸೈಟುಗಳನ್ನಷ್ಟೇ ತಡೆಯುತ್ತಿತ್ತು. ಈಗ ಅದು ನೌಕರರ ಕಿವಿಯೊಳಗೇ ಕೂತಿದೆ, ಮನೆಗೆ ಹೋದರೂ ಜೊತೆಗೇ ಬರುತ್ತದೆ. ಸೋಮವಾರದಿಂದ ಶಾಂಭವಿಗೆ ಹೆತ್ತ ಅವ್ವನ ದನಿಯೇ ಕೇಳಿಸುತ್ತಿಲ್ಲ. ಅವ್ವ ಬಾಯಿ ತೆರೆದರೆ ಸಾಕು, ‘ಈ ಧ್ವನಿ ಯಾವ ವರ್ಗಕ್ಕೂ ಸೇರಿಲ್ಲ, ತಡೆಹಿಡಿಯಲಾಗಿದೆ’ ಎನ್ನುತ್ತದೆ ಫಿಲ್ಟರು.

ಹುಬ್ಬಳ್ಳಿ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಗುರುಬಸು ಸ್ಕ್ರೀನಿನಿಂದ ತಲೆ ಎತ್ತಲಿಲ್ಲ. “ತಾಯಿ ಅಂತ ಕೊಟ್ರ ಒಪ್ಪಂಗಿಲ್ರೀ ಮೇಡಂ. ಕಂಪನಿ ಕೆಲಸಕ್ಕ ಏನ್ ಸಂಬಂಧ ಅಂತ ಕೇಳತೈತಿ. ಊಟ ಕೊಡೋರು ಅಂತ ಹಾಕ್ತೀನಿ, ಕ್ಯಾಂಟೀನ್ ವರ್ಗದಾಗ ಸೇರ್ತಾರ. ನಮ್ಮವ್ವನ್ನೂ ಅದರಾಗ ಇಟ್ಟೀನಿ.”

“ಹಾಕ್ರಿ,” ಎಂದಳು ಶಾಂಭವಿ.

ಸಂಜೆ ಅವ್ವ ತಟ್ಟೆಗೆ ರೊಟ್ಟಿ ಹಾಕುತ್ತ, “ಬಿಸಿ ಅದಾವ, ಎಣ್ಣಿಗಾಯಿ ಜೋಡಿ ತಿನ್ನು,” ಎಂದಳು. ದನಿ ಸ್ಪಷ್ಟವಾಗಿ ಕೇಳಿಸಿತು. ಮೊದಲಿಗಿಂತ ಸೋತಂತಿತ್ತು.

ಆಮೇಲೆ ಅವ್ವ ಎದುರಿಗೆ ಕೂತು, ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳತೊಡಗಿದಳು. ಬಹಳ ಹೊತ್ತು ತುಟಿ ಆಡಿತು. ಕಣ್ಣಲ್ಲಿ ನೀರು ಬಂತು. ‘ಈ ವಿಷಯ ಊಟಕ್ಕೆ ಸಂಬಂಧಿಸಿದ್ದಲ್ಲ’ ಎಂದಿತು ಫಿಲ್ಟರು. ಬರೆದು ತೋರಿಸು ಎನ್ನೋಣವೆಂದರೆ ಅವ್ವನಿಗೆ ಅಕ್ಷರ ಬಾರದು. ಶಾಂಭವಿ ಎಲ್ಲ ಕೇಳಿಸಿಕೊಂಡವಳಂತೆ ತಲೆಯಾಡಿಸುತ್ತ ಕೂತಳು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನೊಂದ್ ರೊಟ್ಟಿ ಹಾಕ್ಲೇನು?”

ಶಾಂಭವಿಯ ಹೊಟ್ಟೆ ತುಂಬಿತ್ತು. ಆದರೂ ತಟ್ಟೆಯನ್ನು ಮುಂದೆ ಸರಿಸಿದಳು.