ರ‍್ಯಾಪಿಡ್ ಮಾಸ್ಟ್ರ ಒಂದು ವಾಕ್ಯ

ಏಳು ಸಮುದ್ರಗಳಾಚೆ ಒಬ್ಬಳು ಅಜ್ಜಿ ಇದ್ದಳಂತೆ, ಅವಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರಂತೆ. ಸಮುದ್ರದಾಚೆಯ ಊರು ಐರ್ಲೆಂಡ್, ಕಾಲ ಕಳೆದ ಜೂನ್. ಇನ್ನಂಜೆಯ ವೆರೊನಿಕಾ ಆ ಕೆಲಸಕ್ಕೆ ಅರ್ಜಿ ಹಾಕಿ, ಕಾಪುವಿನ ಬೇಕರಿಯೊಂದರ ಮಾಳಿಗೆಯಲ್ಲಿ ನಡೆಯುವ ‘ಸರ್ವೋತ್ತಮ ರ‍್ಯಾಪಿಡ್ ಇಂಗ್ಲಿಷ್’ ತರಗತಿಗೆ ಸೇರಿದಳು.

“ಸರ್, ಹದಿನೈದಕ್ಕೆ ಇಂಟರ್‌ವ್ಯೂ. ಪೇಷಂಟ್ ಬಿದ್ದರೆ ಎಂತ ಮಾಡ್ತೀರಿ ಅಂತ ಕೇಳ್ತಾರಂತೆ. ಹೇಳ್ಲಿಕ್ಕೆ ಒಂದು ವಾಕ್ಯ ಬೇಕಿತ್ತು. ಅದಿಲ್ಲದಿದ್ರೆ ಕೆಲಸ ಇಲ್ಲ.”

“ಒಂದೇ ಅಲ್ವಾ? ಮಾಡಿ ಕೊಡುವ,” ಎಂದ ಸರ್ವೋತ್ತಮ ಮಾಸ್ಟ್ರು ಬೋರ್ಡಿನ ಮೇಲೆ ‘ರ‍್ಯಾಪಿಡ್’ ಎಂದು ದೊಡ್ಡದಾಗಿ ಬರೆದರು.

ಮಾಸ್ಟ್ರಿಗೊಂದು ವ್ರತವಿತ್ತು. ಯಾರಿಗೂ ಬೇಸರವಾಗಬಾರದೆಂದು ಪ್ರತಿ ಶಬ್ದವನ್ನೂ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಭಾಷೆಗಳಲ್ಲಿ ಬಿಡಿಸುತ್ತಿದ್ದರು. ನಾಲ್ಕೂ ಕಡೆಯವರು ತಲೆಯಾಡಿಸಿದ ಮೇಲೆಯೇ ಮುಂದಿನ ಶಬ್ದ.

ಕನ್ನಡ ಒಂದು ದಿನದಲ್ಲಿ ಮುಗಿಯಿತು. ತುಳುವಿನ ದಿನ ಹಿಂದಿನ ಬೆಂಚಿನ ಸ್ವರ್ಣಲತಾ ಎದ್ದು ನಿಂತಳು.

“ಸರ್, ರ‍್ಯಾಪಿಡ್ ಅಂದ್ರೆ ಹೊಳೆ ಹರಿದ ಹಾಗೆಯಾ, ಎಕ್ಸ್‌ಪ್ರೆಸ್ ಬಸ್ ಓಡಿದ ಹಾಗೆಯಾ?”

“ಒಳ್ಳೆ ಪ್ರಶ್ನೆ! ಫಾಸ್ಟ್ ಅಂದ್ರೆ ಜೋರು ಓಡುವಂಥದ್ದು. ಕ್ವಿಕ್ ಅಂದ್ರೆ ಬೇಗ ಮುಗಿಯುವಂಥದ್ದು. ರ‍್ಯಾಪಿಡ್ ಅಂದ್ರೆ… ಎಂತ ಅರ್ಜೆಂಟ್? ನಾಳೆ ನೋಡುವ.”

ನಾಳೆ ನೋಡುತ್ತಾ ತುಳುವಿಗೆ ವಾರ ಹಿಡಿಯಿತು. ಕೊಂಕಣಿಯೆಂದರೆ ಚರ್ಚಿನವರದ್ದೋ ದೇವಸ್ಥಾನದವರದ್ದೋ ಎಂಬ ಚರ್ಚೆಯಲ್ಲಿ ಇನ್ನೊಂದು ವಾರ.

“ಸರ್, ನಾಳೆಯೇ ಇಂಟರ್‌ವ್ಯೂ!” ವೆರೊನಿಕಾ ಪುಸ್ತಕ ಮುಚ್ಚಿದಳು.

“ಬ್ಯಾರಿ ಬಾಕಿ ಉಂಟಲ್ಲ ಮಾರಾಯ್ರೆ. ಅವರಿಗೆ ಅನ್ಯಾಯ ಮಾಡ್ಲಿಕ್ಕೆ ಆಗ್ತದಾ?”

ಮರುದಿನ ಕಾರ್ಕಳದ ಏಜೆಂಟ್ ಬ್ರ್ಯಾಂಡನ್‌ನ ಆಫೀಸಿನಲ್ಲಿ, ಕಂಪ್ಯೂಟರಿನೊಳಗಿಂದ ಬಿಳಿ ಹೆಂಗಸು ಅದೇ ಪ್ರಶ್ನೆ ಕೇಳಿದಳು. ವೆರೊನಿಕಾಳ ವಾಕ್ಯ ಇನ್ನೂ ಬ್ಯಾರಿಯಲ್ಲೇ ಬಾಕಿ ಇತ್ತು. ಹಾಸಿಗೆ ಹಿಡಿದ ಅತ್ತೆಯನ್ನು ಎಂಟು ವರ್ಷ ನೋಡಿಕೊಂಡ ಕೈಗಳು ಮಾತ್ರ ಸುಮ್ಮನಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಬ್ರ್ಯಾಂಡನ್‌ನನ್ನು ಹಿಡಿದು ನೆಲಕ್ಕೆ ಮಲಗಿಸಿದಳು. ಉಸಿರು ನೋಡಿದಳು, ನಾಡಿ ನೋಡಿದಳು, ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ, ಫೋನನ್ನು ಕಿವಿಗಿಟ್ಟಳು.

“ಬಿಡಿ ವೆರೊನಿಕಾ ಬಾಯಿ, ನನಗೆಂತದೂ ಆಗ್ಲಿಲ್ಲ!” ಎಂದು ಬ್ರ್ಯಾಂಡನ್ ಕೂಗುತ್ತಿದ್ದಂತೆ ಬಿಳಿ ಹೆಂಗಸು ಚಪ್ಪಾಳೆ ತಟ್ಟಿದಳು.

ನವೆಂಬರಿನ ಒಂದು ಬೆಳಿಗ್ಗೆ, ಐರ್ಲೆಂಡಿನಲ್ಲಿ, ವೆರೊನಿಕಾ ಅಜ್ಜಿಯ ತಲೆ ಬಾಚುತ್ತಿದ್ದಾಗ ಮೊಬೈಲಿಗೆ ವಾಯ್ಸ್ ಮೆಸೇಜ್ ಬಂತು. ಮಾಸ್ಟ್ರ ದನಿಯಲ್ಲಿ ಗೆದ್ದ ಹುರುಪಿತ್ತು.

“ವೆರೊನಿಕಾ ಬಾಯಿ, ನಾಲ್ಕೂ ಕಡೆಯವರು ಒಪ್ಪಿದ್ರು. ನಿಮ್ಮ ವಾಕ್ಯ ರೆಡಿ, ಬರ್ಕೊಳ್ಳಿ: ಮೈ ರೆಸ್ಪಾನ್ಸ್ ಈಸ್ ರ‍್ಯಾಪಿಡ್.”