ಹಣ್ಣಿಗೆ ಮೈಲಿಗೆ ಇಲ್ಲ

"ನಮ್ಮ ಕೇಕು ಅವರ ಬಾಯಿಗೆ ಆಗದಿದ್ದರೆ ನಮ್ಮ ಹಾಡು ಅವರ ಕಿವಿಗೆ ಹೇಗೆ ಆದೀತು?" ಎಂದು ಸ್ಯಾನ್ ಡಿಯೇಗೊದ ಹೆಂಗಸು ಫೋನು ಇಟ್ಟೇಬಿಟ್ಟಳು. ಫ್ರೀಡಾ ರಿಸೀವರನ್ನು ಕೈಯಲ್ಲೇ ಹಿಡಿದುಕೊಂಡು ಅಡಿಗೆಮನೆಯ ಗೋಡೆಗೆ ಒರಗಿದಳು.

ಟೇಬಲ್ಲಿನ ಮುಂದೆ ಪಕ್ಕದ ಮನೆಯ ಗುರುಶಾಂತವ್ವ ಬಾಳೆಹಣ್ಣು ಸುಲಿಯುತ್ತಿದ್ದಳು. ಅವಳ ಮಗಳು ಶಾರದಾ, ಟೊರೆನ್ಸಿನ ವಿಮಾನದ ಕಂಪನಿಯಲ್ಲಿ ಇಂಜಿನಿಯರು, ಫ್ರೀಡಾ ಮಾಡಿದ ಸೇಬಿನ ಕೇಕು ತಿನ್ನುತ್ತಿದ್ದಳು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಹೀಗೇ: ಮಗಳಿಗೆ ಕೇಕು, ತಾಯಿಗೆ ಬಾಳೆಹಣ್ಣು. ಮಾಂಸ ಬೇಯುವ ಮನೆಯಲ್ಲಿ ಅವ್ವ ನೀರನ್ನೂ ಮುಟ್ಟುವುದಿಲ್ಲ ಎನ್ನಲು ಶಾರದಾಳಿಗೆ ಬಾಯಿ ಬಂದಿರಲಿಲ್ಲ. "ನಮ್ಮವ್ವನಿಗೆ ಬಾಳೆಹಣ್ಣೆಂದರೆ ಪ್ರಾಣ" ಎಂದುಬಿಟ್ಟಿದ್ದಳು. ಅಂದಿನಿಂದ ಫ್ರೀಡಾ ಅಂಗಡಿಗೆ ಹೋದಾಗಲೆಲ್ಲ ಕಲೆ ಇಲ್ಲದ ಹಣ್ಣನ್ನೇ ಆರಿಸಿ ಆರಿಸಿ ತರುತ್ತಿದ್ದಳು.

"ಏನಾತಂತ?" ಗುರುಶಾಂತವ್ವ ಮಗಳನ್ನು ಕೇಳಿದಳು. ಇಂಗ್ಲಿಷು ಅವಳಿಗೆ ಥ್ಯಾಂಕ್ಯೂ ದಾಟಿ ಬಂದಿರಲಿಲ್ಲ.

ಆದದ್ದು ಇಷ್ಟು. ಮುಂದಿನ ಭಾನುವಾರ ಲಾಸ್ ಏಂಜಲೀಸಿನಲ್ಲಿ ಯಹೂದಿ ಸಂಗೀತದ ದೊಡ್ಡ ಕಛೇರಿ. ಏಳು ದೇಶಗಳ ವಾದ್ಯದವರು ಬಂದಿಳಿದಿದ್ದರು. ಕೊನೆಯಲ್ಲಿ ಲಾಸ್ ಏಂಜಲೀಸಿನ ಮೇಳ, ಸ್ಯಾನ್ ಡಿಯೇಗೊದ ಮೇಳ ಎರಡೂ ಒಟ್ಟಿಗೆ ನಿಂತು ಹಾಡಬೇಕು. ಕಛೇರಿಯ ಹೆಸರೇ 'ಒಂದೇ ಕೊರಳು'. ಫ್ರೀಡಾ ಅದರ ಕಾರ್ಯದರ್ಶಿ. ಹಾಡಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರು ಹಾಡಾದ ಮೇಲಿನ ತಿಂಡಿಯದು. ಲಾಸ್ ಏಂಜಲೀಸಿನವರು ಮಡಿವಂತರು, ತಮ್ಮ ಗುರುಗಳು ಒಪ್ಪಿದ ಅಡಿಗೆಮನೆಯದಲ್ಲದೆ ಬೇರೇನೂ ಮುಟ್ಟುವವರಲ್ಲ. ತಾವು ಮಾಡಿ ತರುವ ಕೇಕು ಬೇಡವೆಂದರೆ ಸ್ಯಾನ್ ಡಿಯೇಗೊದವರು ಬಸ್ಸೇ ಹತ್ತುವವರಲ್ಲ. ತಿಂಡಿಯೇ ಇಡದಿದ್ದರೆ ಏಳು ದೇಶದ ಅತಿಥಿಗಳನ್ನು ಬರಿಹೊಟ್ಟೆಯಲ್ಲಿ ಕಳಿಸಿದ ಅಪಕೀರ್ತಿ. ಎರಡು ವರ್ಷ ಕಾಗದ ಬರೆದು ಬರೆದು ಎಲ್ಲರನ್ನೂ ಕೂಡಿಸಿದ್ದ ಫ್ರೀಡಾಳ ಕಣ್ಣಲ್ಲಿ ನೀರು ನಿಂತಿತ್ತು.

ಮಗಳು ತಿಳಿಸಿದ್ದನ್ನು ಕೇಳಿ ಗುರುಶಾಂತವ್ವ ನಕ್ಕಳು. "ಇಷ್ಟಕ್ಕ ಅಳತಾಳೇನು? ಹಣ್ಣಿಗೆ ಮೈಲಿಗಿ ಇಲ್ಲಂತ ಹೇಳು ಆಕಿಗೆ."

"ಅವ್ವಾ, ಅವರವರ ಜಗಳದಾಗ ನಾವ್ಯಾಕ..."

"ನೀ ಹೇಳು ಅಂದ್ರ ಹೇಳು. ಗದಗಿನಾಗ ನಮ್ಮ ಬಾಜೂಕ ಆಚಾರ್ರ ಮನಿ ಇತ್ತಲ್ಲ? ಆ ಅಮ್ಮಾರು ಹದಿನೆಂಟು ವರ್ಷ ನಮ್ಮ ಮನಿಗೆ ಬಂದ್ರು, ಹೋದ್ರು. ಒಂದ್ ಗುಟುಕು ನೀರು ಕುಡೀಲಿಲ್ಲ. ಬಾಳೀಹಣ್ಣು ಕೊಟ್ರ ಮಾತ್ರ ತಿಂತಿದ್ರು. ಸಿಪ್ಪಿ ಒಳಗಿಂದಕ್ಕ ನಮ್ಮ ಕೈ ತಾಗಂಗಿಲ್ಲ ನೋಡು! ಈ ಮಂದಿಗೂ ಬಾಳೀಹಣ್ಣು ಇಡಂತ ಹೇಳು. ಯಾರ ಅಡಗಿಮನೀನೂ ಬ್ಯಾಡ, ಯಾರ ಗುರುಗಳೂ ಬ್ಯಾಡ."

ಶಾರದಾ ಇಂಗ್ಲಿಷಿನಲ್ಲಿ ತಿರುಗಿಸಿ ಹೇಳಿದಳು. ಫ್ರೀಡಾ ಕಣ್ಣೊರಸಿಕೊಂಡು ಕೇಳಿದಳು, "ಆಕೆಗೆ ಹಣ್ಣು ಕೊಡುವಾಗ ನಿಮ್ಮ ತಾಯಿಗೆ ಏನನ್ನಿಸುತ್ತಿತ್ತು?"

"ಏನನಸ್ತದ? ಹೊಟ್ಟಿ ಉರೀತಿತ್ತು," ಎಂದಳು ಗುರುಶಾಂತವ್ವ. "ನನ್ನ ಕೈ ಏನು ಹೊಲಸದ ಏನು ಅಂತ. ಬಾಯಿಬಿಟ್ಟು ಹೇಳಿದ್ರೂ ಚಲೋ ಇತ್ತು. ನಕ್ಕೋಂತ ಹಣ್ಣು ತಿಂದು ಹೋಗತಿದ್ರು."

ಶಾರದಾ ಕೈಯಲ್ಲಿದ್ದ ಕೇಕಿನ ಚೂರನ್ನು ಕೆಳಗಿಟ್ಟಳು. ಆದರೂ ತಿರುಗಿಸಿದಳು, ಅರ್ಧಂಬರ್ಧ. ಫ್ರೀಡಾ ಗುರುಶಾಂತವ್ವನ ಮುಂದಿನ ತಟ್ಟೆಯಲ್ಲಿದ್ದ ಸಿಪ್ಪೆಯನ್ನು ನೋಡಿದಳು. ಆಮೇಲೆ ಫೋನಿನ ಚಕ್ರ ತಿರುಗಿಸತೊಡಗಿದಳು.

ಆರು ತಿಂಗಳಿನ ಪತ್ರವ್ಯವಹಾರದಲ್ಲಿ ಮುಗಿಯದ ತಿಂಡಿಯ ವ್ಯಾಜ್ಯ ಬಾಳೆಹಣ್ಣಿನಿಂದ ಹತ್ತು ನಿಮಿಷದಲ್ಲಿ ಮುಗಿಯಿತು.

ಕಛೇರಿಗೆ ತಾಯಿ ಮಗಳಿಗೆ ಮುಂದಿನ ಸಾಲಿನಲ್ಲೇ ಜಾಗ. "ಎಪ್ಪತ್ತು ಮಂದಿ ಕೂಡಿ ಬಾರಸ್ತಾರ, ಒಬ್ಬರ ಮಾರಿ ಒಬ್ಬರು ನೋಡವಲ್ಲರು," ಗುರುಶಾಂತವ್ವ ಅಚ್ಚರಿಪಟ್ಟಳು. "ಎಲ್ಲಾರ ಕಣ್ಣೂ ಆ ಕೋಲು ಹಿಡದವನ ಮ್ಯಾಲೆ. ಕೋಲಿಗೆ ಅಂಜಿ ಕೂಡ್ಯಾರ ಬಿಡು."

"ಅವ್ವಾ, ಮೆಲ್ಲಕ!"

ಕೊನೆಗೆ ಎರಡೂ ಮೇಳದವರು ಕೂಡಿ ದನಿಯೆತ್ತಿದಾಗ ಮಾತ್ರ ಅವಳು ಸುಮ್ಮನಾದಳು. ಭಾಷೆ ಬಾರದಿದ್ದರೂ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಹೊರಗಿನ ಹಜಾರದಲ್ಲಿ ಉದ್ದಕ್ಕೂ ಬಾಳೆಹಣ್ಣಿನ ರಾಶಿ. ಕರಿ ಕೋಟಿನ ಪಿಟೀಲಿನವರು, ಮುತ್ತಿನ ಸರದ ಹೆಂಗಸರು, ಗಡ್ಡದ ಹಿರಿಯರು, ನಾನೂರು ಜನ ನಿಂತು ಸುಲಿಯುತ್ತಿದ್ದರು. ಒಬ್ಬರು ಸುಲಿದದ್ದನ್ನು ಇನ್ನೊಬ್ಬರು ಮುಟ್ಟಲಿಲ್ಲ. ಅಧ್ಯಕ್ಷರು ಹಣ್ಣು ಹಿಡಿದ ಕೈಯನ್ನೇ ಮೇಲೆತ್ತಿ, "ಇಂದು ನಾವೆಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡೆವು," ಎಂದರು. ಚಪ್ಪಾಳೆ ಹೊಡೆಯಲು ಯಾರಿಗೂ ಎರಡು ಕೈ ಖಾಲಿ ಇರಲಿಲ್ಲ.

ಫ್ರೀಡಾ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಗುರುಶಾಂತವ್ವನ ಕೈಯಲ್ಲಿ ಅರ್ಧ ತಿಂದ ಹಣ್ಣಿತ್ತು.

"ಶಾರದಾ, ನಿಮ್ಮ ತಾಯಿಗೆ ಹೇಳು," ಎಂದಳು ಫ್ರೀಡಾ. ಮುಖದ ಮೇಲೆ ನಗು ಹಾಗೇ ಇತ್ತು. "ಆ ಆಚಾರ್ಯರ ಹೆಂಡತಿ ಹದಿನೆಂಟು ವರ್ಷ. ಇವರು ನನ್ನ ಮನೆಯಲ್ಲಿ ಇನ್ನೂ ನಾಲ್ಕೇ ವರ್ಷ." ನಾಲ್ಕು ಬೆರಳೆತ್ತಿ ತೋರಿಸಿ, ಅತಿಥಿಗಳ ಕಡೆಗೆ ಹೊರಟುಹೋದಳು.

"ಏನಂದ್ಲು?"

"ಏನಿಲ್ಲವ್ವಾ. ಇನ್ನೊಂದು ಹಣ್ಣು ಬೇಕೇನಂತ."

ಗುರುಶಾಂತವ್ವ ಫ್ರೀಡಾಳ ಬೆನ್ನನ್ನೇ ನೋಡುತ್ತ ನಿಂತಳು.

"ಒಂದ್ ಹಣ್ಣಿಗೆ ನಾಕು ಬೆರಳು ಯಾಕ ತೋರಿಸಿದ್ಲು?"

ಶಾರದಾ ತಲೆ ತಗ್ಗಿಸಿದಳು. "ನಾಕು ವರ್ಷ," ಎಂದುಕೊಂಡ ಗುರುಶಾಂತವ್ವ ಇಳಿಬಿದ್ದಿದ್ದ ಸಿಪ್ಪೆಯನ್ನು ಒಂದೊಂದು ಎಳೆಯಾಗಿ ಮೇಲೆತ್ತಿ, ಉಳಿದ ಹಣ್ಣನ್ನು ಮುಚ್ಚತೊಡಗಿದಳು.